ದುರ್ಯೋಧನನ ಗಂಟಲು: ಗುಬ್ಬಿ ಕಡೆಯ ಒಬ್ಬ ರಂಗಗಾಯಕರ ಪ್ರಕರಣ

ಶಿವರಾತ್ರಿ ಕಳೆದು ನಾಲ್ಕನೇ ದಿನ ಅವರು ತುಮಕೂರಿನ ನನ್ನ ಕ್ಲಿನಿಕ್ಕಿಗೆ ಬಂದರು. ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಟವಲು. ಹಣೆಯ ಅಂಚಿನಲ್ಲಿ, ಕೂದಲು ಶುರುವಾಗುವ ಕಡೆ, ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ರಾತ್ರಿ ನಾಟಕ ಆಡಿ ಸೀದಾ ಬಂದಿದ್ದಾರೆ ಅಂತ ಅದನ್ನು ನೋಡಿದ ಕೂಡಲೇ ಗೊತ್ತಾಯಿತು. ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಮಾತು ಬರಲಿಲ್ಲ, ಬರೀ ಗಾಳಿ ಬಂತು. ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: "ಗಂಟ್ಲು ಕಟ್ಕೊಂಡು ಹದಿನೈದು ದಿನ ಆಯ್ತು ಮೇಡಂ. ಆದ್ರೂ ಬಿಡ್ಲಿಲ್ಲ. ನೆನ್ನೆನೂ ಬಣ್ಣ ಹಚ್ಚಿದ್ರು."

ಅವರಿಗೆ 46 ವರ್ಷ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತೆಂಗು, ಅಡಿಕೆ ತೋಟ. ಬೇಸಿಗೆ ಬಂತೆಂದರೆ ಪೌರಾಣಿಕ ನಾಟಕ. ಸುತ್ತಿನ ಹತ್ತು ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಅಂದರೆ ದುರ್ಯೋಧನನ ಪಾತ್ರಕ್ಕೆ ಇವರೇ ಬೇಕು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು. "ಬೇರೆ ಕಲಾವಿದ್ರಿಗೆ ಉಪಯೋಗ ಆಗೋದಾದ್ರೆ ಮಿಕ್ಕಿದ್ದೆಲ್ಲ ಬರೀರಿ" ಅಂದರು.

ನಾನು ವಾಕ್ ಮತ್ತು ಶ್ರವಣ ಚಿಕಿತ್ಸಕಿ. ಮೈಸೂರಿನಲ್ಲಿ ಓದುವಾಗ ಗಾಯಕರ ಗಂಟಲಿನ ಪಾಠ ಅಂದರೆ ಹೆಚ್ಚೂ ಕಡಿಮೆ ಒಪೆರಾ ಗಾಯಕರ ಗಂಟಲಿನ ಪಾಠ. ಒಪೆರಾ ಅಂದರೆ ಮಾತೆಲ್ಲ ಹಾಡಾಗಿರುವ ನಾಟಕ. ಇಟಲಿಯಲ್ಲಿ 1600ರ ಆಸುಪಾಸಿನಲ್ಲಿ ಹುಟ್ಟಿದ್ದು. 1607ರಲ್ಲಿ ಮಾಂಟೆವೆರ್ಡಿ ಅನ್ನುವ ಸಂಗೀತ ರಚನಕಾರ ಮಾಂಟುವಾದಲ್ಲಿ ಆಡಿಸಿದ ಒಪೆರಾ ಇವತ್ತಿಗೂ ರಂಗದ ಮೇಲಿದೆ. ಅದರ ಕಥೆಯೂ ಪುರಾಣದ್ದೇ. ಸತ್ತ ಹೆಂಡತಿಯನ್ನು ಹುಡುಕಿಕೊಂಡು ಪಾತಾಳಕ್ಕೆ ಹೋಗುವ ಗಾಯಕನ ಕಥೆ. ಆ ಪಾಠ ಕೇಳುವಾಗೆಲ್ಲ ನನಗೆ ಕಣ್ಣ ಮುಂದೆ ಬರುತ್ತಿದ್ದುದು ನಮ್ಮೂರ ಜಾತ್ರೆಯ ನಾಟಕ. ಕಿರೀಟ, ಭುಜಕೀರ್ತಿ, ಹಾರ್ಮೋನಿಯಂ, ಬೆಳಗಿನ ಜಾವದವರೆಗೆ ಪದ್ಯ. ಇದೂ ಅದೇ ಕೆಲಸ ಅಲ್ವಾ? ಪಾತ್ರ ಕಟ್ಟಬೇಕು, ಹಾಡಬೇಕು, ಕೊನೇ ಸಾಲಿನವನಿಗೂ ಕೇಳಿಸಬೇಕು. ಹಾಗಿದ್ದ ಮೇಲೆ ಅಲ್ಲಿನ ಗಾಯಕರಿಗೆ ಸಿಗುವ ಆರೈಕೆ ಇಲ್ಲಿನವರಿಗೆ ಯಾಕಿಲ್ಲ? ಈ ಪ್ರಕರಣದ ಉದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆ ಇದು.

ಅವರು ಹಾಡುತ್ತಾ ಬಂದ ದಾರಿ

ಮೊದಲ ದಿನ ಅವರಿಗೆ ಮಾತಾಡುವ ಹಾಗಿರಲಿಲ್ಲ. ಹಾಗಾಗಿ ಹಳೇ ಕಥೆಯನ್ನೆಲ್ಲ ಹೆಂಡತಿಯಿಂದ, ಆಮೇಲೆ ಅವರ ಹಾರ್ಮೋನಿಯಂ ಮೇಷ್ಟ್ರಿಂದ ಕೇಳಿಕೊಂಡೆ.

ಅವರ ತಾತ ಗುಬ್ಬಿ ಕಂಪನಿಯ ನಾಟಕಗಳ ಹುಚ್ಚಿದ್ದವರಂತೆ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. 1891ರಲ್ಲಿ ಹುಟ್ಟಿದ ವೀರಣ್ಣನವರು ಹುಡುಗರಾಗಿದ್ದಾಗಲೇ ಅದನ್ನು ಸೇರಿ, ಕೊನೆಗೆ ಅದರ ಯಜಮಾನರಾದರು. ರಾಜ್‌ಕುಮಾರ್ ಸಿನಿಮಾಕ್ಕೆ ಬರುವ ಮೊದಲು ಗಂಟಲು ಪಳಗಿಸಿದ್ದು ಆ ಕಂಪನಿಯಲ್ಲಿ. ಬಿ.ವಿ. ಕಾರಂತರು ಹುಡುಗರಾಗಿ ಮನೆ ಬಿಟ್ಟು ಬಂದು ಸೇರಿದ್ದೂ ಅಲ್ಲಿಗೇ. ಈ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕ ಉಸಿರಾಡುತ್ತಿದೆ ಅಂದರೆ ಆ ಗಾಳಿ ಬೀಸಿದ್ದು ಅಲ್ಲಿಂದ. ಕಂಪನಿ ಡೇರೆ ಕಿತ್ತು ಹೋದ ಮೇಲೂ ಮಟ್ಟುಗಳು ಇಲ್ಲೇ ಉಳಿದವು.

ಇವರು ಮೊದಲು ಹಾಡಿದ್ದು ಭಜನೆ ಮನೆಯಲ್ಲಿ. 9ನೇ ವಯಸ್ಸಿಗೆ ಬಾಲಕೃಷ್ಣನ ಪಾತ್ರ. 14ಕ್ಕೆ ಗಂಟಲು ಒಡೆಯಿತು. ಆಗಿನ ಮೇಷ್ಟ್ರು, ಈಗಿನವರ ಅಪ್ಪ, ಒಂದೇ ಮಾತಲ್ಲಿ ತಡೆದರಂತೆ: "ಎರಡು ವರ್ಷ ಹಾಡ್ಬೇಡ, ಬರೀ ತಾಳ ಹಾಕು." ಆ ಎರಡು ವರ್ಷ ಹುಡುಗ ಕೋಪದಲ್ಲೇ ಕಳೆದ. ಆದರೆ ಅವರ ಮೂವತ್ತು ವರ್ಷದ ಹಾಡಿಕೆಗೆ ಬುನಾದಿ ಹಾಕಿದ್ದೇ ಆ ಮಾತು ಅಂತ ನಾನು ನಂಬುತ್ತೇನೆ. ಗಂಟಲು ಬೆಳೆಯುವ ಹೊತ್ತಿನಲ್ಲಿ ಜಗ್ಗಿ ಹಾಡಿಸಿ ಕೆಡಿಸಿದ ಹುಡುಗರನ್ನು ನಾನು ನೋಡಿದ್ದೇನೆ.

19ಕ್ಕೆ ಅಭಿಮನ್ಯು. ಆಗೆಲ್ಲ ಪಾತ್ರಕ್ಕೆ ಇವರೇ ದುಡ್ಡು ಕಟ್ಟುತ್ತಿದ್ದರು. ನಮ್ಮ ಹಳ್ಳಿ ನಾಟಕದ ರೀತಿಯೇ ಹಾಗೆ. ಸೀನರಿಯವರಿಗೆ, ಮೇಷ್ಟ್ರಿಗೆ, ಮೈಕ್‌ಸೆಟ್‌ಗೆ ಕೊಡುವ ದುಡ್ಡು ಪಾತ್ರಧಾರಿಗಳ ಜೇಬಿನಿಂದಲೇ ಬರುತ್ತದೆ. ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. 27ಕ್ಕೆ ಕರ್ಣ. 34ರಿಂದ ದುರ್ಯೋಧನ. ಬರಬರುತ್ತಾ ಬೇರೆ ಊರಿನವರು ಅತಿಥಿ ಕಲಾವಿದ ಅಂತ ಕರೆದು ಸಂಭಾವನೆ ಕೊಡಲು ಶುರು ಮಾಡಿದರು. ತೋಟದ ಆದಾಯಕ್ಕೆ ಹೋಲಿಸಿದರೆ ಅದು ಅಷ್ಟಕ್ಕಷ್ಟೇ. ಆದರೆ ಬಸ್ಸಿನಲ್ಲಿ ಯಾರೋ ಎದ್ದು "ಕೌರವೇಶ್ವರ, ಕೂತ್ಕೊಳಿ" ಅಂತ ಜಾಗ ಬಿಡುತ್ತಾರೆ. ಅದಕ್ಕೆ ಬೆಲೆ ಕಟ್ಟೋಕಾಗಲ್ಲ.

ಈ ವರ್ಷ ಬೇಡಿಕೆ ಜಾಸ್ತಿಯಾಯಿತು. ನನ್ನ ಹತ್ತಿರ ಬರುವ ಮುಂಚಿನ 19 ದಿನದಲ್ಲಿ 11 ನಾಟಕ ಆಡಿದ್ದರು. ಒಂದೊಂದೂ ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವ ಮುಗಿಯುವಂಥದ್ದು. ದುರ್ಯೋಧನನ ಕಷ್ಟ ನೋಡಿ. ಮೊದಲ ದೃಶ್ಯದ ಒಡ್ಡೋಲಗದಲ್ಲೂ ಅವನು ಬೇಕು, ನಸುಕಿನಲ್ಲಿ ತೊಡೆ ಮುರಿದು ಬೀಳುವಾಗಲೂ ಅವನೇ ಬೇಕು. ಗಂಟಲು ಸೋತು ಸುಣ್ಣವಾದ ಹೊತ್ತಿಗೆ ಸರಿಯಾಗಿ ಅತಿ ಭಾರದ ಪದ್ಯಗಳು ಬರುತ್ತವೆ.

ಕ್ಯಾಮೆರಾದಲ್ಲಿ ಕಂಡದ್ದು

ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕಳಿಸಿದೆ. ದನಿ ಕೆಟ್ಟು ಎರಡು ವಾರ ದಾಟಿದರೆ ಕ್ಯಾಮೆರಾ ಹಾಕಿ ನೋಡದೆ ಚಿಕಿತ್ಸೆ ಶುರು ಮಾಡಬಾರದು ಅನ್ನುವುದು ನನ್ನ ಕಟ್ಟುನಿಟ್ಟು. ಎರಡೂ ಧ್ವನಿತಂತುಗಳ ಮೇಲೆ, ಅಂದರೆ ಗಂಟಲಲ್ಲಿ ಕಂಪಿಸಿ ದನಿ ಹುಟ್ಟಿಸುವ ಎರಡು ಮಡಿಕೆಗಳ ಮೇಲೆ, ಎದುರುಬದುರಾಗಿ, ಅಕ್ಕಿಕಾಳಿನ ತುದಿಯಷ್ಟು ಗಂಟು. ಮುಂದಿನ ಮೂರನೇ ಒಂದು ಭಾಗ ಮುಗಿಯುವ ಜಾಗದಲ್ಲಿ. ಹಾಡುವವರಿಗೆ, ಕೂಗುವವರಿಗೆ, ಪಾಠ ಮಾಡುವವರಿಗೆ ಬರುವುದು ಸರಿಯಾಗಿ ಅಲ್ಲೇ. ತಂತುಗಳು ಒಂದಕ್ಕೊಂದು ಅತಿ ಜೋರಾಗಿ ಬಡಿದುಕೊಳ್ಳುವ ಜಾಗ ಅದು. ನೇಗಿಲು ಹಿಡಿದ ಅಂಗೈ ಜಡ್ಡುಗಟ್ಟುತ್ತದಲ್ಲ, ಹಾಗೆ.

ಆ ವಿಡಿಯೋ ಅವರಿಗೂ ತೋರಿಸಿದೆ. ಮೂವತ್ತು ವರ್ಷ ದುಡಿಸಿಕೊಂಡ ತಂತುಗಳನ್ನು ಅವರು ನೋಡಿದ್ದು ಅವತ್ತೇ ಮೊದಲು. ಬಹಳ ಹೊತ್ತು ಸುಮ್ನೆ ಕೂತಿದ್ದರು. ಹಾಡುವವನೊಬ್ಬ ತನ್ನ ಗಂಟಲನ್ನು ತಾನೇ ನೋಡಿದ ಕಥೆ ಹೇಳಿದೆ. 1854ರಲ್ಲಿ ಮಾನ್ವೆಲ್ ಗಾರ್ಸಿಯಾ ಅನ್ನುವ ಸಂಗೀತದ ಮೇಷ್ಟ್ರು, ಯೌವನದಲ್ಲಿ ಒಪೆರಾದಲ್ಲಿ ಹಾಡಿದವರು, ಪ್ಯಾರಿಸ್‌ನಲ್ಲಿ ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ, ತಮ್ಮದೇ ತಂತುಗಳು ಅಲುಗುವುದನ್ನು ನೋಡಿದರು. ಇವತ್ತು ಡಾಕ್ಟರು ಹಾಕುವ ಕ್ಯಾಮೆರಾದ ಮುತ್ತಾತ ಆ ಕನ್ನಡಿ. ಗಾರ್ಸಿಯಾ ನೂರೊಂದು ವರ್ಷ ಬದುಕಿದರು. ಗಂಟಲಿನ ವಿದ್ಯೆಗೆ ಕಣ್ಣು ಕೊಟ್ಟಿದ್ದು ಒಬ್ಬ ಹಾಡುಗಾರ ಅನ್ನುವುದು ನನಗೆ ಯಾವತ್ತೂ ಹೆಮ್ಮೆಯ ವಿಷಯ. ಅವರೂ ಕತ್ತೆತ್ತಿ ನೋಡಿದರು.

"ಆ" ಅಂತ ಎಷ್ಟು ಹೊತ್ತು ಎಳೆಯಬಲ್ಲರು ಅಂತ ಅಳೆದೆ. 8 ಸೆಕೆಂಡು. ಅವರ ವಯಸ್ಸಿನ ಗಂಡಸಿಗೆ 20ರ ಹತ್ತಿರವಾದರೂ ಬರಬೇಕು. ಹಾಡುವವರಿಗೆ ಇನ್ನೂ ಜಾಸ್ತಿ.

"ಆಪರೇಷನ್ ಮಾಡ್ಸಿ ತೆಗೆದ್ಬಿಡಿ" ಅಂತ ಚೀಟಿಯಲ್ಲಿ ಬರೆದು ತೋರಿಸಿದರು. ಡಾಕ್ಟರೂ ನಾನೂ ಬೇಡ ಅಂದೆವು. ಇಂಥ ಗಂಟುಗಳು ಹೆಚ್ಚಿನವು ಅಭ್ಯಾಸ ತಿದ್ದಿದರೆ ಕರಗುತ್ತವೆ. ಅಭ್ಯಾಸ ತಿದ್ದದೆ ಕತ್ತರಿಸಿದರೆ ಮತ್ತೆ ಬರುತ್ತವೆ. ಕತ್ತರಿ ಹಾಕಿ ಗೆದ್ದವರೂ ಇದ್ದಾರೆ. ಇಟಲಿಯ ಮಹಾಗಾಯಕ ಕರುಸೋ 1909ರಲ್ಲಿ ಗಂಟಲಿನ ಆಪರೇಷನ್ ಮಾಡಿಸಿಕೊಂಡು 1920ರ ಡಿಸೆಂಬರ್‌ವರೆಗೆ ಹಾಡಿದರು. ಇಂಗ್ಲೆಂಡಿನ ನಟಿ, ಗಾಯಕಿ ಜೂಲಿ ಆಂಡ್ರೂಸ್ 1997ರಲ್ಲಿ ಮಾಡಿಸಿಕೊಂಡು ಹಾಡುವ ದನಿಯನ್ನೇ ಕಳೆದುಕೊಂಡರು. ಎರಡನ್ನೂ ಹೇಳಿದೆ. ಒಂದನ್ನೇ ಹೇಳುವುದು ಸರಿಯಲ್ಲ.

ಮೊದಲ ನಾಲ್ಕು ವಾರ, ಮತ್ತು ನನ್ನ ತಪ್ಪು

ಮುಂದಿನ ಆರು ನಾಟಕ ಬಿಡಬೇಕು ಅಂದೆ. ಅಷ್ಟಕ್ಕೇ ಮನೆಯಲ್ಲಿ ಸಾವಾದ ಹಾಗೆ ಆಯಿತು. ಅಡ್ವಾನ್ಸ್ ಇಸ್ಕೊಂಡಿದ್ದರು. ಪಾಂಪ್ಲೆಟ್‌ನಲ್ಲಿ ಫೋಟೋ ಅಚ್ಚಾಗಿತ್ತು. ಒಂದು ಊರಿನವರಂತೂ ಮನೆಗೇ ಬಂದು, "ಗಂಟ್ಲು ಅಲ್ಲ, ಬೇರೆ ಊರಲ್ಲಿ ಜಾಸ್ತಿ ದುಡ್ಡು ಸಿಕ್ಕಿರ್ಬೇಕು" ಅಂದರಂತೆ. ಆ ಮಾತು ಅವರಿಗೆ ಗಂಟಿಗಿಂತ ಜಾಸ್ತಿ ನೋವು ಕೊಟ್ಟಿತು.

ಎಷ್ಟೋ ದೊಡ್ಡ ಒಪೆರಾ ಮಂದಿರಗಳಲ್ಲಿ ಮುಖ್ಯ ಪಾತ್ರಕ್ಕೆ ಇನ್ನೊಬ್ಬ ಗಾಯಕ ಪೂರ್ತಿ ಕಲಿತು ತಯಾರಿರುತ್ತಾನೆ. ಗಂಟಲು ಕೆಟ್ಟರೆ ಮುಖ್ಯ ಗಾಯಕ ಹಿಂದೆ ಸರಿಯುತ್ತಾನೆ, ಇವನು ಏರುತ್ತಾನೆ. ಅದು ಅವಮಾನ ಅಲ್ಲ, ಏರ್ಪಾಡು. ಭಾರದ ಪಾತ್ರಗಳಿಗೆ ಎರಡು ಪ್ರದರ್ಶನದ ನಡುವೆ ಒಂದೆರಡು ದಿನವಾದರೂ ಬಿಡುವು ಕೊಡುತ್ತಾರೆ. ನಮ್ಮ ದುರ್ಯೋಧನ 19 ದಿನದಲ್ಲಿ 11 ರಾತ್ರಿ ಹಾಡಿದ್ದು ಅವರ ಶಕ್ತಿ ಅಲ್ಲ. ಬೇಡ ಅನ್ನುವ ಹಕ್ಕು ಅವರಿಗಿರಲಿಲ್ಲ ಅಷ್ಟೇ.

ಹತ್ತು ದಿನ ಮೌನ ಹೇಳಿದೆ. ದಿನಕ್ಕೆ ಎರಡು ಸಲ ಬರೀ ಬಿಸಿನೀರಿನ ಹಬೆ. ಚೆನ್ನಾಗಿ ನೀರು ಕುಡಿಯುವುದು. ನಾಟಕ ಮುಗಿಸಿ ನಸುಕಿನಲ್ಲಿ ಮುದ್ದೆ ಉಂಡು ಕೂಡಲೇ ಮಲಗುವುದನ್ನು ಬಿಡಿಸಿದೆ. ಹೊಟ್ಟೆಯ ಹುಳಿ ಮೇಲೆ ಬಂದು ತಂತುಗಳನ್ನು ಸುಡುತ್ತದೆ. ಗ್ರೀನ್‌ರೂಮಿನಲ್ಲಿ "ಗಂಟ್ಲು ಬಿಡ್ಲಿ" ಅಂತ ಒಂದು ಗುಟುಕು ಹಾಕುವ ಅಭ್ಯಾಸವೂ ಇತ್ತು. ಅದೂ ಬಂದ್.

ಆಮೇಲೆ ಅವರ ಜೇಬಿನ ಪೊಟ್ಟಣ. ಹಸಿಶುಂಠಿ, ಕಾಳುಮೆಣಸು, ಲವಂಗ, ಕಲ್ಲುಸಕ್ಕರೆ. ಪ್ರತಿ ರಂಗಗಾಯಕರ ಹತ್ತಿರ ಇದು ಇರುತ್ತದೆ. ಇದರ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ನಾವು ತಿಂದದ್ದು, ಕುಡಿದದ್ದು ಯಾವುದೂ ಧ್ವನಿತಂತುವನ್ನು ಮುಟ್ಟುವುದಿಲ್ಲ. ತಂತು ಇರುವುದು ಗಾಳಿಯ ದಾರಿಯಲ್ಲಿ, ಅನ್ನದ ದಾರಿಯಲ್ಲಿ ಅಲ್ಲ. ಒಂದು ಹನಿ ನೀರು ಅತ್ತ ಹೋದರೂ ನೆತ್ತಿಗೆ ಹತ್ತಿ ಕೆಮ್ಮುತ್ತೇವೆ. ಕಲ್ಲುಸಕ್ಕರೆ ಬಾಯಿ ಒದ್ದೆ ಮಾಡುತ್ತದೆ, ಸಮಾಧಾನ ಕೊಡುತ್ತದೆ, ಅಷ್ಟು ಒಳ್ಳೆಯದೇ. ಮೆಣಸಿನ ಖಾರಕ್ಕೆ ನೋವು ಮರೆತು ಇನ್ನೂ ಜೋರಾಗಿ ಹಾಡಿದರೆ ಅದು ಕೆಟ್ಟದ್ದು. ನೇರವಾಗಿ ತಂತುಗಳಿಗೆ ಮುಟ್ಟುವುದು ಹಬೆ ಮಾತ್ರ.

ಹತ್ತು ದಿನ ಕಳೆದು ನೋಡಿದರೆ ಅರ್ಧದಷ್ಟೂ ಗುಣವಿಲ್ಲ. ವಿಚಾರಿಸಿದರೆ, ಮೌನ ಅಂದದ್ದನ್ನು ಅವರು ಪಿಸುಮಾತು ಅಂತ ತಿಳಿದಿದ್ದರು. ದಿನವಿಡೀ ಫೋನಿನಲ್ಲಿ ಪಿಸುಗುಟ್ಟಿದ್ದರು. ಜೋರಾಗಿ ಪಿಸುಗುಟ್ಟುವುದು ಕೆಲವರ ಗಂಟಲಿಗೆ ಮಾತಿಗಿಂತ ಹೆಚ್ಚು ಬಿಗಿತ ತರುತ್ತದೆ. ಅದನ್ನು ನಾನು ಬಿಡಿಸಿ ಹೇಳಿರಲಿಲ್ಲ. ತಪ್ಪು ನನ್ನದೇ.

ಅದನ್ನು ತಿದ್ದಿದ ಮೇಲೂ ನಾಲ್ಕನೇ ವಾರಕ್ಕೆ "ಆ" 11 ಸೆಕೆಂಡಿಗೇ ನಿಂತಿತ್ತು. ಹಾಡುತ್ತಿಲ್ಲ, ಕುಡಿಯುತ್ತಿಲ್ಲ, ಹೇಳಿದ್ದೆಲ್ಲ ಮಾಡುತ್ತಿದ್ದಾರೆ. ಹಾಗಿದ್ದರೂ ಯಾಕೆ ಹೀಗೆ? ಕ್ಲಿನಿಕ್ಕಿನಲ್ಲಿ ಕೂತು ಯೋಚಿಸಿದರೆ ಗೊತ್ತಾಗುವ ಹಾಗೆ ಕಾಣಲಿಲ್ಲ. ಒಂದು ಭಾನುವಾರ ಅವರ ಮನೆಗೆ ಹೋದೆ.

ಅವ್ವನ ಕಿವಿ

ಜಗುಲಿ ಮೇಲೆ ಕೂರಿಸಿ ಎಳನೀರು ಕೊಟ್ಟರು. ನಾನಿನ್ನೂ ಲೋಟ ಬಾಯಿಗಿಟ್ಟಿಲ್ಲ, ಅವರು ಒಳಗೆ ತಿರುಗಿ ಕೂಗಿದರು: "ಅವ್ವಾ! ಮಾತ್ರೆ ನುಂಗಿದ್ಯಾ?" ನನ್ನ ಕೈಯಲ್ಲಿದ್ದ ಎಳನೀರು ತುಳುಕಿತು. ಅಷ್ಟು ಜೋರು. ಒಳಗಿನಿಂದ "ಆಂ?" ಅಂತ ಬಂತು. ಇವರು ಇನ್ನೂ ಜೋರಾಗಿ ಕೂಗಿದರು. ಮತ್ತೆ "ಆಂ?" ಮೂರನೇ ಸಲ ಕೂಗುವಾಗ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು. ಆಮೇಲೆ ನನ್ನ ಕಡೆ ತಿರುಗಿ, ನಾನು ಕಲಿಸಿದ ಮೆತ್ತನೆ ದನಿಯಲ್ಲಿ, "ಹೇಳಿ ಮೇಡಂ" ಅಂದರು.

ತಾನು ಕೂಗಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಮನೆಯವರಿಗೂ ಗೊತ್ತಿರಲಿಲ್ಲ. ಎಂಟು ವರ್ಷದಿಂದ ಆ ಮನೆಯಲ್ಲಿ ಅದು ರೂಢಿಯಾಗಿಬಿಟ್ಟಿತ್ತು. ಹೆಂಡತಿಯಾದರೆ ಅವ್ವನ ಹತ್ತಿರ ಹೋಗಿ ಕೈ ಸನ್ನೆ ಮಾಡುತ್ತಾರೆ. ಇವರು ಕೂತಲ್ಲಿಂದಲೇ ಕೂಗುತ್ತಾರೆ. ಆ ಒಂದು ಗಂಟೆಯಲ್ಲಿ ಎಣಿಸಿದೆ, 26 ಸಲ. ನಾನು ಮೌನ ಹೇಳಿದ ಹತ್ತು ದಿನದಲ್ಲೂ ಅವ್ವನಿಗೆ ಮಾತ್ರ ರಿಯಾಯಿತಿ ಇತ್ತಂತೆ. "ಅವ್ವನ್ ಹತ್ರ ಮಾತಾಡ್ದೆ ಹೆಂಗಿರಾದು ಮೇಡಂ?"

ನಾನು ಗಂಟಲನ್ನೂ ನೋಡುವವಳು, ಕಿವಿಯನ್ನೂ ನೋಡುವವಳು. ಆದರೂ ಮೊದಲ ದಿನ ಮನೆಯಲ್ಲಿ ಯಾರಿಗಾದರೂ ಕಿವಿ ಮಂದವೇ ಅಂತ ಕೇಳಬೇಕು ಅನ್ನುವುದು ಹೊಳೆಯಲಿಲ್ಲ. ಈಗ ದನಿ ಕೆಟ್ಟು ಬರುವ ಎಲ್ಲರಿಗೂ ಆ ಪ್ರಶ್ನೆ ಕೇಳುತ್ತೇನೆ.

ಅವ್ವನನ್ನು ಕರೆದುಕೊಂಡು ಬಂದರು. 74 ವರ್ಷ. ಎರಡೂ ಕಿವಿಯಲ್ಲಿ ಸುಮಾರು 65 ಡೆಸಿಬಲ್ ನಷ್ಟ. ಅಂದರೆ ಎದುರಿಗೆ ಕೂತು ಮಾತಾಡಿದರೂ ಬರೀ ತುಟಿ ಅಲುಗಿದ ಹಾಗೆ. "ವಯಸ್ಸಾಯ್ತು, ಹಂಗೇ ಇರಾದು" ಅಂತ ಬಿಟ್ಟಿದ್ದರು. ಕೊಬ್ಬರಿ ತಿಪಟೂರಿಗೆ ಹಾಕಿ ಬಂದ ದುಡ್ಡಲ್ಲಿ ಎರಡು ಕಿವಿಗೂ ಮಿಷನ್ ಕೊಡಿಸಿದರು. ಮೊದಲ ವಾರ ಅವ್ವ ಕಿತ್ತು ಕಿತ್ತು ಇಟ್ಟರು. ಪಾತ್ರೆ ಸದ್ದಿಗೆ ತಲೆನೋವು ಅಂದರು. ಸೌಂಡು ಸ್ವಲ್ಪ ಸ್ವಲ್ಪವೇ ಏರಿಸಿದೆ. ಮೂರನೇ ವಾರಕ್ಕೆ ಹೊಂದಿಕೊಂಡರು. ಮನೆಯಲ್ಲಿ ಕೂಗಾಟ ನಿಂತಿತು. ಅದೇ ಮೂರು ವಾರದಲ್ಲಿ ಮಗನ "ಆ" 11ರಿಂದ 15 ಸೆಕೆಂಡಿಗೆ ಏರಿತು.

ಕಂಚಿನ ಕಂಠ ಅಂದರೆ ಏನು

ಗಂಟು ಕರಗುತ್ತಾ ಬಂದ ಮೇಲೆ ಹಾಡುವ ರೀತಿಗೆ ಕೈ ಹಾಕಿದೆ. ಇಲ್ಲಿ ಮೇಷ್ಟ್ರ ಸಹಾಯ ಇಲ್ಲದೆ ಏನೂ ಆಗುತ್ತಿರಲಿಲ್ಲ.

ಅವರು ಹಾಡುತ್ತಿದ್ದುದು ನಾಲ್ಕು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯನ್ನು ಷಡ್ಜ (ಸ) ಮಾಡಿಕೊಂಡು. ಮೈಕ್ ಇಲ್ಲದ ಕಾಲದಲ್ಲಿ ಕಂಪನಿ ನಟರು ಏರು ಶ್ರುತಿ ಹಿಡಿಯುತ್ತಿದ್ದರು, ಕೊನೇ ಸಾಲಿಗೆ ಮುಟ್ಟಬೇಕಿತ್ತು. ಆ ಶ್ರುತಿ ಮರ್ಯಾದೆಯ ಗುರುತಾಗಿ ಉಳಿದುಬಿಟ್ಟಿದೆ. ನಾಲ್ಕು ಮನೆಯ ತಾರಷಡ್ಜ, ಅಂದರೆ ಮೇಲಿನ ಸ, ಸೆಕೆಂಡಿಗೆ ಸುಮಾರು 349 ಕಂಪನ. ಅದರ ಮೇಲೆ ಒಂದು ನಿಮಿಷ ನಿಂತರೆ ತಂತುಗಳು ಹತ್ತಿರ ಹತ್ತಿರ 21 ಸಾವಿರ ಸಲ ಒಂದಕ್ಕೊಂದು ಬಡಿದುಕೊಂಡಿರುತ್ತವೆ. ಇವರದು ಹುಟ್ಟಿನಿಂದ ಮಂದ್ರಕ್ಕೆ ಒಲಿದ ಗಂಟಲು. ಒಪೆರಾದಲ್ಲಿ ಆಗಿದ್ದರೆ ಇವರನ್ನು ಬ್ಯಾರಿಟೋನ್ (ತಗ್ಗಿನ ಕಡೆಯ ಗಂಡು ದನಿ) ಅನ್ನುತ್ತಿದ್ದರು, ಟೆನರ್‌ಗೆ (ಏರು ಗಂಡು ದನಿಗೆ) ಬರೆದ ಪಾತ್ರವನ್ನು ಕೊಡುತ್ತಲೇ ಇರಲಿಲ್ಲ. ಅಲ್ಲಿ ಗಂಟಲು ನೋಡಿ ಪಾತ್ರ. ನಮ್ಮಲ್ಲಿ ಪಾತ್ರ ನೋಡಿ ಗಂಟಲು ಬಗ್ಗಬೇಕು.

ಎರಡು ಮನೆಗೆ ಇಳಿಸೋಣ ಅಂದೆ. ಅವರು ಎದ್ದು ನಿಂತರು. "ಶ್ರುತಿ ಇಳ್ಸಿದ್ರೆ ಮೀಸೆ ಇಳ್ಸಿದಂಗೆ ಮೇಡಂ." ಮೇಷ್ಟ್ರು ಒಂದು ಉಪಾಯ ಮಾಡಿದರು. ಮುಂದಿನ ಸಲ ಬಂದಾಗ, ಏನೂ ಹೇಳದೆ, ಹಾರ್ಮೋನಿಯಂನಲ್ಲಿ ಎರಡೂವರೆ ಮನೆ ಹಿಡಿದು ಅವರದೇ ಪದ್ಯ ಶುರು ಮಾಡಿದರು. ಇವರು ಹಾಡಿ ಮುಗಿಸಿ, "ಇವತ್ತು ಗಂಟ್ಲು ಚೆನ್ನಾಗಿ ಹೋಗ್ತಾ ಐತೆ" ಅಂದರು. ಆಮೇಲೆ ಮೇಷ್ಟ್ರು ಬೆರಳು ತೋರಿಸಿದರು. ಇವರು ಬೆರಳನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಮತ್ತೆ ಆ ಮಾತು ಎತ್ತಲಿಲ್ಲ. ಒಪೆರಾದಲ್ಲೂ ಕೆಲವು ಹೆಸರುವಾಸಿ ಹಾಡುಗಳನ್ನು ಅರ್ಧ ಮನೆ ಇಳಿಸಿ ಹಾಡುವ ರೂಢಿ ಇದೆ ಅಂತ ನಾನೂ ಸೇರಿಸಿದೆ.

ಆದರೆ ನಿಜವಾದ ಪಾಠ ಶ್ರುತಿಯದಲ್ಲ. ಒಪೆರಾ ಗಾಯಕ ಮೈಕ್ ಇಲ್ಲದೆ ದೊಡ್ಡ ವಾದ್ಯವೃಂದದ ಮೇಲೆ ಕೇಳಿಸುತ್ತಾನೆ. ಎಂಬತ್ತು ತೊಂಬತ್ತು ವಾದ್ಯಗಳಿಗಿಂತ ಜೋರಾಗಿ ಯಾವ ಮನುಷ್ಯನೂ ಕೂಗಲಾರ. ಹಾಗಾದರೆ ಹೇಗೆ? ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ವಾದ್ಯವೃಂದದ ಸದ್ದು ದಟ್ಟವಾಗಿರುವುದು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ, ಮೇಲೆ ಹೋದಂತೆ ತೆಳುವಾಗುತ್ತದೆ. ಪಳಗಿದ ಗಾಯಕ ಗಂಟಲಿನ ಮೇಲಿನ ಜಾಗವನ್ನು ಹದ ಮಾಡಿಕೊಂಡು 3000 ಹರ್ಟ್ಸ್ ಹತ್ತಿರ ಒಂದು ಹೊಳಪು ತರುತ್ತಾನೆ. ನಮ್ಮ ಕಿವಿ ಚುರುಕಾಗಿರುವುದೂ ಅಲ್ಲೇ. ವಾದ್ಯಗಳು ಬಿಟ್ಟ ಸಂದಿಯಲ್ಲಿ ದನಿ ತೂರಿ ಬರುತ್ತದೆ.

ನಮ್ಮ ಹಿರಿಯರು ಇದಕ್ಕೆ ಎಷ್ಟು ಸರಿಯಾದ ಹೆಸರಿಟ್ಟಿದ್ದಾರೆ ನೋಡಿ. ಕಂಚಿನ ಕಂಠ. ಕಬ್ಬಿಣದ ಕಂಠ ಅನ್ನಲಿಲ್ಲ. ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗ ಅವರು ಎದ್ದು, ಮೂಲೆಯಲ್ಲಿದ್ದ ನನ್ನ ಪೂಜೆಯ ಗಂಟೆ ತಂದರು. ಕೈಯಲ್ಲಿ ಬಿಗಿಯಾಗಿ ಹಿಡಿದು ಪೆನ್ನಿನಿಂದ ಜೋರಾಗಿ ಹೊಡೆದರು. ಡಬ್ ಅಂತು. ಆಮೇಲೆ ಹಿಡಿ ಮಾತ್ರ ಹಿಡಿದು ಮೆಲ್ಲಗೆ ತಟ್ಟಿದರು. ರೂಮೆಲ್ಲ ತುಂಬಿತು. "ಬಿಗಿ ಹಿಡಿದ್ರೆ ಮೊಳಗಲ್ಲ, ಅಲ್ವಾ ಮೇಡಂ?" ನಾನು ಎಷ್ಟು ಪಾಠ ಮಾಡಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಅಲ್ಲಿಂದ ಅಭ್ಯಾಸ ಸಲೀಸಾಯಿತು. ಬಾಯಿ ಮುಚ್ಚಿ "ಮ್" ಅನ್ನುವುದು, ಮೂಗಿನ ಸೇತುವೆ ಮೇಲೆ ಬೆರಳಿಟ್ಟು ಅದುರು ಹುಡುಕುವುದು. ತೆಳು ಸ್ಟ್ರಾ ಬಾಯಲ್ಲಿಟ್ಟು, ನೀರಿನ ಲೋಟದಲ್ಲಿ ಗುಳ್ಳೆ ಎಬ್ಬಿಸುತ್ತಾ ಸರಿಗಮ ಎಳೆಯುವುದು. ಸ್ಟ್ರಾದ ಸಣ್ಣ ಬಾಯಿಂದ ಗಾಳಿಯ ಒತ್ತಡ ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ, ತಂತುಗಳು ಮೆತ್ತಗೆ ಕೂಡುತ್ತವೆ. ತೋಟದಲ್ಲಿ ನೀರು ಹಾಯಿಸುತ್ತಾ ಎಳನೀರಿನ ಸ್ಟ್ರಾದಲ್ಲೇ ಇದನ್ನು ಮಾಡುತ್ತಿದ್ದರಂತೆ.

ರಂಗದ ಮೇಲಿನದು ಬೇರೆ ಕಥೆ. ಅಲ್ಲಿ ಮೈಕ್ ಇದ್ದೂ ಕೂಗುತ್ತಿದ್ದರು. ಯಾಕಂದರೆ ಬಾಕ್ಸುಗಳೆಲ್ಲ ಜನರ ಕಡೆಗೆ ತಿರುಗಿರುತ್ತವೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲ, ಕ್ಯಾಷಿಯೊ ಮೊಳಗುತ್ತವೆ. ಗಾಯಕರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ ಅನ್ನುವುದನ್ನು ಫ್ರಾನ್ಸಿನ ಲೊಂಬಾರ್ಡ್ ಎಂಬ ಡಾಕ್ಟರು ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಮೈಕ್‌ಸೆಟ್‌ನವರಿಗೆ ಒಂದು ಸಣ್ಣ ಬಾಕ್ಸನ್ನು ರಂಗದ ಒಳಮುಖವಾಗಿ ಇಡಲು ಹೇಳಿದೆವು. ಅದಕ್ಕೆ ಜಾಸ್ತಿ ಖರ್ಚೇನೂ ಆಗಲಿಲ್ಲ.

ಇನ್ನೊಂದು ಉಳಿದಿತ್ತು. ಒನ್ಸ್ ಮೋರ್. ಒಂದು ಪದ್ಯಕ್ಕೆ ಮೂರು ಸಲ ಒನ್ಸ್ ಮೋರ್, ಪ್ರತಿ ಸಲಕ್ಕೂ ಯಾರೋ ಬಂದು ಎದೆಗೆ ನೋಟು ಸಿಕ್ಕಿಸುವುದು. ಆ ಪ್ರೀತಿಗೆ ಇಲ್ಲ ಅನ್ನುವುದು ಕಲಾವಿದರಿಗೆ ಬಹಳ ಕಷ್ಟ. ಮಿಲಾನ್‌ನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ 1933ರ ನಂತರ ಒಂಟಿ ಗಾಯಕರು ಯಾರೂ ಒನ್ಸ್ ಮೋರ್ ಹಾಡಿರಲಿಲ್ಲ. 2007ರಲ್ಲಿ ಪೆರು ದೇಶದ ಗಾಯಕ ಹ್ವಾನ್ ದಿಯೆಗೊ ಫ್ಲೋರೆಸ್ ಹಾಡಿದಾಗ ಅದು ಸುದ್ದಿಯಾಯಿತು. ಅಷ್ಟು ಕಟ್ಟುನಿಟ್ಟು ನಮಗೆ ಬೇಡ, ನಮ್ಮ ನಾಟಕದ ಜೀವ ಇರುವುದೇ ಆ ಕೊಡು ಕೊಳ್ಳುವಿಕೆಯಲ್ಲಿ. ರಾತ್ರಿಗೆ ಎರಡು ಅಂತ ಲೆಕ್ಕ ಹಾಕಿಕೊಂಡೆವು. ಮೂರನೆಯದಕ್ಕೆ ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದೇ ಪದ್ಯ ನುಡಿಸುತ್ತಾರೆ, ದುರ್ಯೋಧನ ಗದೆ ಎತ್ತಿ ಹೆಜ್ಜೆ ಹಾಕುತ್ತಾನೆ.

ಬಸವ ಜಯಂತಿಯ ರಾತ್ರಿ

ಮತ್ತೆ ಬಣ್ಣ ಹಚ್ಚಿದ್ದು ಬಸವ ಜಯಂತಿಗೆ, ತಮ್ಮೂರಲ್ಲೇ. ಡಾಕ್ಟರು ಇನ್ನೊಮ್ಮೆ ಕ್ಯಾಮೆರಾ ಹಾಕಿ ಒಪ್ಪಿಗೆ ಕೊಟ್ಟಿದ್ದರು. ಬಲಗಡೆ ಗಂಟು ಹೋಗಿತ್ತು. ಎಡಗಡೆ ಸಣ್ಣ ಗುರುತು ಉಳಿದಿತ್ತು.

ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಸಾಸಿವೆ ಕಾಳು ಹಾಕಿದರೂ ನೆಲಕ್ಕೆ ಬೀಳದಷ್ಟು ಜನ. ಒಡ್ಡೋಲಗದ ಪದ್ಯ ಎತ್ತಿದಾಗ ನನ್ನ ಕೈ ತಣ್ಣಗಾಗಿತ್ತು. ಮೊದಲ ಸಾಲು ಸ್ವಲ್ಪ ಅಳುಕಿತು. ಎರಡನೇ ಸಾಲಿಗೆ ಗಂಟೆ ಮೊಳಗಿತು. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ, ತೊಡೆ ಮುರಿದು ಬಿದ್ದ ದುರ್ಯೋಧನ ಮಲಗಿಕೊಂಡೇ ಕೊನೆಯ ಪದ್ಯ ಹಾಡಿದ. ದನಿ ಒಡೆಯಲಿಲ್ಲ.

ಅವ್ವ ಮುಂದಿನ ಸಾಲಿನಲ್ಲಿ ಚಾಪೆ ಮೇಲೆ ಕೂತಿದ್ದರು, ಎರಡು ಕಿವಿಗೂ ಮಿಷನ್. ನಾಟಕ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದರು: "ಎಂಟು ವರ್ಷದಿಂದ ಇವ್ನು ಬಾಯಿ ತೆರೆಯಾದು ಮುಚ್ಚಾದು ಮಾತ್ರ ನೋಡ್ತಿದ್ದೆ ಕಣವ್ವ. ಇವತ್ತು ಪದ ಪದ ಕೇಳ್ತು."

ಈಗ ಅವರ ತಾರೀಖುಗಳನ್ನು ಬರೆದಿಡುವುದು ಮೇಷ್ಟ್ರು. ಎರಡು ನಾಟಕದ ನಡುವೆ ಎರಡು ರಾತ್ರಿ ಖಾಲಿ ಬಿಡುತ್ತಾರೆ. ಕರ್ಣನ ಪಾತ್ರದ ಒಬ್ಬ ಹುಡುಗ ದುರ್ಯೋಧನನ ಪದ್ಯಗಳನ್ನೂ ಕಲಿಯುತ್ತಿದ್ದಾನೆ. ಅಡ್ವಾನ್ಸ್ ಇಸ್ಕೊಳ್ಳುವಾಗಲೇ, ಗಂಟಲು ಕೆಟ್ಟರೆ ಅವನು ಬರುತ್ತಾನೆ ಅಂತ ಹೇಳಿಬಿಡುತ್ತಾರೆ. ಎರಡು ಊರಿನವರು ಅದಕ್ಕೆ ಒಪ್ಪದೆ ಬೇರೆಯವರನ್ನು ಹುಡುಕಿಕೊಂಡರು. "ಆ" 19 ಸೆಕೆಂಡಿಗೆ ಬಂದಿದೆ. ಎಡಗಡೆಯ ಗುರುತು ಪೂರ್ತಿ ಹೋಗಿಲ್ಲ. ಆರು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿಸಲೇಬೇಕು.

ಆಷಾಢದಲ್ಲಿ, ನಾಟಕ ಇಲ್ಲದ ಹೊತ್ತಿನಲ್ಲಿ, ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಅಣ್ಣನ ಮಗ, 14 ವರ್ಷ. ಊರಿನ ನಾಟಕದಲ್ಲಿ ಅಭಿಮನ್ಯು ಮಾಡಲು ಅವನ ಅಪ್ಪ ಆಗಲೇ ದುಡ್ಡು ಕಟ್ಟಿದ್ದರಂತೆ. ಹುಡುಗ "ನಮಸ್ಕಾರ ಮೇಡಂ" ಅಂದ. ಅರ್ಧ ದನಿ ಮೇಲಿತ್ತು, ಅರ್ಧ ಕೆಳಗಿತ್ತು. ನಾಚಿಕೆಯಿಂದ ನೆಲ ನೋಡಿದ.

"ನಾನ್ ಹೇಳಿದ್ರೆ ಅಣ್ಣ ಕೇಳಲ್ಲ" ಅಂದರು ದುರ್ಯೋಧನ. "ಎರಡು ವರ್ಷ ಹಾಡ್ಬಾರ್ದು, ತಾಳ ಹಾಕ್ಲಿ ಅಂತ ನೀವು ಒಂದು ಚೀಟಿ ಬರ್ಕೊಡಿ ಮೇಡಂ."

ಲೆಟರ್‌ಹೆಡ್ ತೆಗೆದು, ಸಹಿ ಸೀಲು ಹಾಕಿ ಬರೆದುಕೊಟ್ಟೆ.